ಕೊಡೆ ಬ್ಯಾಗಿನಲ್ಲೇ ಇತ್ತು: ಶಾಲೆಯಲ್ಲಿ ಕಾಟಕ್ಕೆ ಸಿಕ್ಕಿದ ಮಗುವಿನ ಮನೆಯವರಿಗೆ ಒಂದು ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಸಾಲಾಗಿ ಮೂರು ದಿನ ನನ್ನ ಮಗ ಶಾಲೆಯಿಂದ ತೊಯ್ದು ತೊಪ್ಪೆಯಾಗಿ ಬಂದ. ಕೊಡೆ ಎಲ್ಲಿ ಎಂದರೆ ಮೊದಲ ದಿನ ‘ಮರೆತೆ’, ಎರಡನೆಯ ದಿನ ‘ಗಾಳಿಗೆ ಮಗುಚಿಕೊಂಡಿತು’, ಮೂರನೆಯ ದಿನ ಉತ್ತರವೇ ಇಲ್ಲ. ಆ ರಾತ್ರಿ ಪುಸ್ತಕಗಳನ್ನು ಒಲೆಯ ಬಳಿ ಒಣಗಿಸಲೆಂದು ಅವನ ಅಮ್ಮ ಬ್ಯಾಗ್ ಖಾಲಿ ಮಾಡಿದಾಗ ತಳದಲ್ಲಿ ಕೊಡೆ ಸಿಕ್ಕಿತು. ಒಂದು ಕಡ್ಡಿಯೂ ಮುರಿದಿರಲಿಲ್ಲ. ಬಿಡಿಸಿ ನೋಡಿದರೆ, ಶಾಲೆ ತೆರೆಯುವ ಮುನ್ನ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ ಪೇಟೆಯಲ್ಲಿ ನಾನೇ ಬಿಳಿ ಪೇಂಟಿನಲ್ಲಿ ಬರೆಸಿದ್ದ ಅವನ ಹೆಸರಿನ ಪಕ್ಕದಲ್ಲಿ, ವೈಟ್ನರಿನಿಂದ ಮಲಯಾಳದ ಎರಡೇ ಅಕ್ಷರ: ‘ಮಳ’.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಲಯಾಳದಲ್ಲಿ ಮಳೆಗೆ ‘ಮೞ’ ಎನ್ನುತ್ತಾರೆ. ಮನೆಮಾತು ಕನ್ನಡವಿರಲಿ, ತುಳುವಿರಲಿ, ಆ ‘ೞ’ ನಮ್ಮ ಮಕ್ಕಳ ನಾಲಿಗೆಗೆ ಸುಲಭಕ್ಕೆ ಒಗ್ಗುವುದಿಲ್ಲ. ಊರಿನ ಕನ್ನಡ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಏಳು ಮುಗಿಸಿ ಎಂಟಕ್ಕೆ ಪೇಟೆಯ ಹೈಸ್ಕೂಲಿಗೆ ಸೇರಿದ ಹುಡುಗ ಮೊದಲ ವಾರವೇ ಬಸ್ ನಿಲ್ದಾಣದಲ್ಲಿ ‘ಮಳ ವರುನ್ನು’ ಎಂದಿದ್ದನಂತೆ. ಅಲ್ಲಿಂದ ಅವನ ಹೆಸರೇ ಮಳ. ಅವನು ಕೊಡೆ ಬಿಡಿಸಿದಾಗಲೆಲ್ಲ ಹತ್ತನೆಯ ತರಗತಿಯ ನಾಲ್ಕೈದು ಮಂದಿ ಒಟ್ಟಾಗಿ ಕೂಗುತ್ತಿದ್ದರು. ಕೊಡೆ ಬಿಡಿಸದಿದ್ದರೆ ಕೂಗು ಇಲ್ಲ. ಹಾಗಾಗಿ ಅವನು ನೆನೆಯುವುದೇ ವಾಸಿ ಎಂದುಕೊಂಡ.

ನಾನು ಬೇರೊಂದು ಶಾಲೆಯಲ್ಲಿ ಕನ್ನಡ ಕಲಿಸುವವನು. ಹಳಗನ್ನಡದಲ್ಲಿ ನಮಗೂ ‘ೞ’ ಇತ್ತು, ಮಳೆಯನ್ನು ನಮ್ಮ ಹಿರಿಯರೂ ‘ಮೞೆ’ ಎಂದೇ ಬರೆಯುತ್ತಿದ್ದರು, ನಾವು ಅದನ್ನು ಕಳೆದುಕೊಂಡೆವು, ಅವರು ಉಳಿಸಿಕೊಂಡರು, ಇಷ್ಟೇ ವ್ಯತ್ಯಾಸ ಎಂದು ಮಗನಿಗೆ ಪಾಠ ಮಾಡಿದೆ. ಅವನು ಕೇಳಿದ: ‘ಇದನ್ನು ನಾಳೆ ಬಸ್ಸಿನಲ್ಲಿ ಹೇಳಬೇಕೇ?’

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮರುದಿನ ಬೆಳಿಗ್ಗೆ ಸೀದಾ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಕೊಡೆ ಬಿಡಿಸಿಟ್ಟೆ. ಅವರು ಆ ಹುಡುಗರನ್ನು ಕರೆಸಿ, ನನ್ನ ಮಗನನ್ನೂ ಅವರೆದುರಿಗೇ ನಿಲ್ಲಿಸಿ, ಗದರಿಸಿ ಕಳುಹಿಸಿದರು. ನಾನು ಗೆದ್ದವನಂತೆ ಮನೆಗೆ ಬಂದೆ. ಸೋಮವಾರದಿಂದ ಅವನಿಗೆ ‘ಮಾಷಿನ ಮಗ’ (ಮೇಷ್ಟ್ರ ಮಗ) ಎಂಬ ಹೊಸ ಹೆಸರು, ಜೊತೆಗೆ ಬೆನ್ನಿಗೊಂದು ಗುದ್ದು. ಹನ್ನೊಂದು ದಿನ ಅವನು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನ ಅಮ್ಮ ಕೇಳಿದಾಗ ಸಿಕ್ಕಿದ ಉತ್ತರ: ‘ಅಪ್ಪ ಹೀಗೇ ಮಾಡುತ್ತಾರೆಂದು ಗೊತ್ತಿತ್ತು.’

ನಾನು ಹೇಳಬೇಕಾದದ್ದು ಇದರ ಸುತ್ತಲೇ ಇದೆ. ಮಕ್ಕಳು ಬಾಯಿ ಬಿಡದಿರುವುದಕ್ಕೆ ಕಾಟ ಕೊಡುವವರ ಭಯ ಅರ್ಧ ಕಾರಣ. ಗೊತ್ತಾದರೆ ಮನೆಯವರು ಏನು ಮಾಡಿಬಿಡುತ್ತಾರೋ ಎಂಬ ಭಯ ಇನ್ನರ್ಧ. ಮೊದಲನೆಯದನ್ನು ಇಳಿಸಲು ಶಾಲೆ ಬೇಕು, ಸಮಯ ಬೇಕು. ಎರಡನೆಯದು ಇವತ್ತೇ ನಮ್ಮ ಕೈಯಲ್ಲಿದೆ. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ.

ಹಂತ 1: ಜಗಳವೋ, ಕಾಟವೋ ನೋಡಿಕೊಳ್ಳಿ

ನಾರ್ವೆಯಲ್ಲಿ 1982ರಲ್ಲಿ ಮೂವರು ಹುಡುಗರು ಸಹಪಾಠಿಗಳ ಹಿಂಸೆ ತಾಳಲಾರದೆ ಜೀವ ಕಳೆದುಕೊಂಡರೆಂಬ ಸುದ್ದಿ ಇಡೀ ದೇಶವನ್ನು ಅಲ್ಲಾಡಿಸಿತು. ಮರುವರ್ಷ ಅಲ್ಲಿನ ಸರಕಾರ ದೇಶದ ಶಾಲೆಗಳಲ್ಲೆಲ್ಲ ಇದರ ವಿರುದ್ಧ ಅಭಿಯಾನ ನಡೆಸಿತು. ಅದರ ಹಿಂದಿದ್ದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್ ಕೊಟ್ಟ ಒರೆಗಲ್ಲು ಇಂದಿಗೂ ಕೆಲಸಕ್ಕೆ ಬರುತ್ತದೆ. ನೋಯಿಸಬೇಕೆಂದೇ ಮಾಡಿದ್ದೇ? ಮತ್ತೆ ಮತ್ತೆ ನಡೆಯುತ್ತಿದೆಯೇ? ಸಹಿಸುವವನಿಗೆ ತಿರುಗಿ ನಿಲ್ಲಲಾಗದಷ್ಟು ಎದುರಿನವರ ಕೈ ಮೇಲಾಗಿದೆಯೇ? ಮೂರಕ್ಕೂ ಹೌದಾದರೆ ಅದು ಕಾಟ. ಕ್ರಿಕೆಟಿನಲ್ಲಿ ಔಟ್ ಹೌದೋ ಅಲ್ಲವೋ ಎಂದು ಸಮಬಲದ ಇಬ್ಬರು ಕೊರಳಪಟ್ಟಿ ಹಿಡಿದರೆ ಅದು ಜಗಳ. ನಾಳೆ ಒಂದೇ ಐಸ್‌ಕ್ಯಾಂಡಿ ಹಂಚಿಕೊಂಡು ತಿನ್ನುತ್ತಾರೆ. ಅದರ ನಡುವೆ ಹೋಗಬೇಡಿ.

‘ಕೈ ಮೇಲಾಗುವುದು’ ಎಂದರೆ ತೋಳ್ಬಲವೊಂದೇ ಎಂದು ತಿಳಿಯಬೇಡಿ. ನಮ್ಮ ಕಡೆ ಅದು ಹಲವು ವೇಷದಲ್ಲಿ ಬರುತ್ತದೆ. ಏಳು ಭಾಷೆಯ ನೆಲ ಎಂದು ನಾವು ವೇದಿಕೆಯಲ್ಲಿ ಹೆಮ್ಮೆಪಡುತ್ತೇವೆ, ಆದರೆ ಬಸ್ಸಿನಲ್ಲಿ ಯಾವ ಭಾಷೆಯವರು ಹೆಚ್ಚಿದ್ದಾರೋ ಅವರದ್ದೇ ದರ್ಬಾರು. ಮಂಜೇಶ್ವರ, ಬದಿಯಡ್ಕ, ಪೆರ್ಲದ ಕಡೆ ಮಲಯಾಳ ಮಾತಾಡುವ ಮಗುವೇ ಒಂಟಿಯಾಗಿ ಕನ್ನಡದ ಮಕ್ಕಳಿಂದ ಗೇಲಿ ಅನುಭವಿಸಿದ್ದನ್ನು ನನ್ನ ತರಗತಿಯಲ್ಲೇ ಕಂಡಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿದ ಮಗು ಹನ್ನೊಂದನೆಯ ತರಗತಿಗೆ, ಅಂದರೆ ಪ್ಲಸ್ ವನ್‌ಗೆ ಹೋದಾಗ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ಅಲ್ಲಿ ‘ಅರ್ಥವಾಗಲಿಲ್ಲ’ ಎಂದು ಎದ್ದು ನಿಲ್ಲುವ ಒಂದು ಕ್ಷಣವೇ ವರ್ಷವಿಡೀ ನಡೆಯುವ ನಗೆಗೆ ಬೀಜವಾಗುತ್ತದೆ. ಎಣ್ಮಕಜೆ ಕಡೆಯ ಹುಡುಗಿಯೊಬ್ಬಳು, ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವ ಅಣ್ಣ ಮನೆಯಲ್ಲಿದ್ದಾನೆಂಬುದು ತಿಳಿಯಬಾರದೆಂದು, ಮೂರು ವರ್ಷ ಒಬ್ಬ ಗೆಳತಿಯನ್ನೂ ಮನೆಗೆ ಕರೆದಿರಲಿಲ್ಲ. ಕೊರಗ ಸಮುದಾಯದ ಮಕ್ಕಳನ್ನು ಜಾತಿ ಹಿಡಿದು ಕರೆಯುವುದಂತೂ ಕೀಟಲೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಅದು 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯೊಳಗೆ ಬರುವ ವಿಷಯ.

ಮಗು ಹೇಳದಿದ್ದರೆ ವಸ್ತುಗಳು ಹೇಳುತ್ತವೆ. ನೀರಿನ ಬಾಟಲಿ ತುಂಬಿದಂತೆಯೇ ವಾಪಸು ಬರುತ್ತದೆಯೇ? ಮನೆಗೆ ಕಾಲಿಟ್ಟ ಕೂಡಲೇ ಬ್ಯಾಗ್ ಎಸೆದು ಶೌಚಾಲಯಕ್ಕೆ ಓಡುತ್ತದೆಯೇ? ಹಾಗಿದ್ದರೆ ಶಾಲೆಯ ಶೌಚಾಲಯದ ಬಳಿ ಏನೋ ಇದೆ. ಎಂಟು ಗಂಟೆಯ ಬಸ್ ಸಿಗುವಂತಿದ್ದರೂ ಏಳೂವರೆಯದ್ದಕ್ಕೇ ಹೊರಡುವುದು, ಕನ್ಸೆಷನ್ ಇದ್ದರೂ ಬಸ್ಸಿಗೆಂದು ಹೆಚ್ಚು ಹಣ ಕೇಳುವುದು, ಭಾನುವಾರ ಸಂಜೆಯಾದರೆ ಹೊಟ್ಟೆನೋವು, ಅಂಗಿಯ ಗುಂಡಿ ಪದೇ ಪದೇ ಕೀಳುವುದು. ಇವುಗಳಲ್ಲಿ ಒಂದು ಕಂಡಿತೆಂದು ಗಾಬರಿಯಾಗಬೇಕಿಲ್ಲ. ಎರಡು ಮೂರು ಒಟ್ಟಿಗೆ ಬಂದು ಎರಡು ವಾರ ನಿಂತರೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಕೇಳಿ, ಆದರೆ ಎದುರಿಗೆ ಕೂರಿಸಿಕೊಂಡು ಕೇಳಬೇಡಿ

ಊಟದ ಹೊತ್ತಿಗೆ, ಎಲ್ಲರೂ ಇರುವಾಗ, ಮುಖ ನೋಡಿ ‘ಏನಾಯಿತು ಹೇಳು’ ಎಂದರೆ ಯಾವ ಹದಿಮೂರರ ಹುಡುಗನೂ ಹೇಳುವುದಿಲ್ಲ. ಕೈಗೆ ಕೆಲಸವಿದ್ದು, ಕಣ್ಣಿಗೆ ಕಣ್ಣು ಸೇರದ ಜಾಗ ಬೇಕು. ನಮ್ಮ ಮನೆಯಲ್ಲಿ ಅದು ಅಡಿಕೆ ಸುಲಿಯುವ ಹೊತ್ತು. ಮಣೆಯ ಮೇಲೆ ಪಕ್ಕ ಪಕ್ಕ ಕುಳಿತು, ಸಿಪ್ಪೆಯ ರಾಶಿ ಮೊಣಕಾಲೆತ್ತರ ಬಂದಾಗ, ಅವನಾಗಿಯೇ ಬಾಯಿಬಿಟ್ಟ. ನಿಮ್ಮಲ್ಲಿ ಅಡಿಕೆ ಇಲ್ಲದಿದ್ದರೆ ಹಲಸಿನಕಾಯಿಯ ಸೊಳೆ ಬಿಡಿಸಿ, ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಪೇಟೆಗೆ ಹೋಗಿ. ಮಾತನ್ನು ಬೇರೆ ಯಾರದ್ದೋ ಮೇಲಿಟ್ಟು ಶುರು ಮಾಡಬಹುದು: ‘ನಿನ್ನ ಬಸ್ಸಿನಲ್ಲಿ ಸಣ್ಣ ಮಕ್ಕಳಿಗೆ ಯಾರಾದರೂ ಉಪದ್ರ ಕೊಡುತ್ತಾರೆಯೇ?’

ಬಾಯಿಗೆ ಬಂದೇ ಬರುವ ಕೆಲವು ಮಾತುಗಳನ್ನು ನುಂಗಿಕೊಳ್ಳಬೇಕು. ‘ನೀನು ಏನು ಮಾಡಿದೆ?’ ಎಂಬುದು ಮೊದಲನೆಯದು. ಕೇಳುವವರಿಗೆ ಅದು ವಿಚಾರಣೆ, ಮಗುವಿಗೆ ಅದು ತೀರ್ಪು. ‘ನೀನೂ ಎರಡು ಕೊಡು’ ಎಂಬ ಮಾವಂದಿರ ಸಲಹೆಯೂ ಬೇಡ. ಐವರೆದುರು ಒಬ್ಬ ಕೈ ಎತ್ತಿದರೆ ಪೆಟ್ಟು ಯಾರಿಗೆ ಬೀಳುತ್ತದೆಂಬುದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮೇಲಾಗಿ ಶಾಲೆಯ ಕಡತದಲ್ಲಿ ಅವನೂ ಹೊಡೆದವನಾಗುತ್ತಾನೆ. ‘ಕೇಳಿಸಿಕೊಳ್ಳಬೇಡ, ಸುಮ್ಮನಿರು’ ಎನ್ನುವುದೂ ಪ್ರಯೋಜನವಿಲ್ಲ, ಅದನ್ನೇ ಅಲ್ಲವೇ ಅವನು ಮೂರು ದಿನ ನೆನೆಯುತ್ತ ಮಾಡಿದ್ದು. ನಮ್ಮ ಕಾಲದ ಕಥೆಗಳನ್ನಂತೂ ಬಿಟ್ಟೇಬಿಡಿ.

ಬದಲಿಗೆ ಹೇಳಬೇಕಾದದ್ದು ಎರಡೇ ವಾಕ್ಯ. ‘ಹೇಳಿದ್ದು ಒಳ್ಳೆಯದಾಯಿತು.’ ‘ನಿನ್ನ ಹತ್ತಿರ ಕೇಳದೆ ನಾನು ಒಂದು ಹೆಜ್ಜೆಯನ್ನೂ ಇಡುವುದಿಲ್ಲ.’ ‘ಯಾರಿಗೂ ಹೇಳಬೇಡಿ’ ಎಂದು ಮಗು ಆಣೆ ಕೇಳಿದರೆ ಆಣೆ ಹಾಕಬೇಡಿ, ಮುಂದೆ ಮುರಿಯಬೇಕಾಗಿ ಬರಬಹುದು. ಯಾರಿಗೆ ಹೇಳಿದರೂ ಮೊದಲು ನಿನಗೆ ತಿಳಿಸಿ ಹೇಳುತ್ತೇನೆ ಎಂದರೆ ಸಾಕು.

ಈ ಹಂತಕ್ಕೆ ಒಂದು ವಾರ ಹಿಡಿದರೂ ಹಿಡಿಯಲಿ. ಮೈಮೇಲೆ ಗಾಯ, ಹಣ ಕೀಳುವುದು, ಬಟ್ಟೆ ಬಿಚ್ಚಿಸುವುದು, ಫೋಟೊ ತೆಗೆಯುವುದು ಇದ್ದರೆ ಮಾತ್ರ ಕಾಯಬೇಡಿ. ಸೀದಾ ಆರನೆಯ ಹಂತ.

ಹಂತ 3: ನೋಟ್‌ಬುಕ್ಕಿನಲ್ಲಿ ಬರೆದಿಡಿ

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ನಾವು ಬರೆದದ್ದು ಹೀಗಿತ್ತು:

‘ಜುಲೈ 22, ಸಂಜೆ 4.10, ಬಸ್ ನಿಲ್ದಾಣ. ಇಬ್ಬರು ಕೂಗಿದರು, ಒಬ್ಬ ಬ್ಯಾಗ್ ಹಿಂದಕ್ಕೆ ಎಳೆದ. ನೋಡಿದವರು: ಅದೇ ತರಗತಿಯ ಮೂವರು, ಹಣ್ಣಿನ ಅಂಗಡಿಯವರು.’

‘ಜುಲೈ 24, ಮಧ್ಯಾಹ್ನ, ಕೈ ತೊಳೆಯುವ ನಳ್ಳಿಯ ಬಳಿ. ಅನ್ನದ ತಟ್ಟೆಗೆ ನೀರು ಎರಚಿದರು. ಊಟ ಮಾಡಲಿಲ್ಲ.’

ವಿಶೇಷಣಗಳು ಬೇಡ. ‘ರಾಕ್ಷಸರಂತೆ ವರ್ತಿಸಿದರು’ ಎಂದು ಬರೆದರೆ ಓದುವ ಅಧ್ಯಾಪಕರಿಗೆ ನಿಮ್ಮ ಸಿಟ್ಟು ಕಾಣುತ್ತದೆ, ‘ಊಟ ಮಾಡಲಿಲ್ಲ’ ಎಂದರೆ ಮಗು ಕಾಣುತ್ತದೆ. ಹತ್ತು ದಿನ ಬರೆದ ಮೇಲೆ ನಮಗೆ ತಿಳಿದದ್ದು ಬೇರೆಯೇ: ತರಗತಿಯೊಳಗೆ ಏನೂ ನಡೆಯುತ್ತಿರಲಿಲ್ಲ. ಎಲ್ಲವೂ ಎರಡೇ ಜಾಗದಲ್ಲಿ, ನಳ್ಳಿಯ ಬಳಿ ಮತ್ತು ಸಂಜೆ ಬಸ್ ಬರುವ ಮೊದಲಿನ ಇಪ್ಪತ್ತು ನಿಮಿಷದಲ್ಲಿ. ‘ಶಾಲೆಯೇ ಸರಿಯಿಲ್ಲ’ ಎನ್ನುವುದಕ್ಕೂ ‘ಈ ಇಪ್ಪತ್ತು ನಿಮಿಷ ಸರಿಯಿಲ್ಲ’ ಎನ್ನುವುದಕ್ಕೂ ಇರುವ ಅಂತರವನ್ನು ಅಧ್ಯಾಪಕನಾಗಿ ನಾನು ಬಲ್ಲೆ. ಮೊದಲನೆಯದನ್ನು ಕೇಳಿದ ಕೂಡಲೇ ನಾವು ಶಾಲೆಯ ಪರ ವಕೀಲರಾಗುತ್ತೇವೆ. ಎರಡನೆಯದಕ್ಕಾದರೆ ಎದ್ದು ಹೋಗಿ ನೋಡುತ್ತೇವೆ.

ಕಾಟ ಮೊಬೈಲಿನಲ್ಲಿದ್ದರೆ ಸ್ಕ್ರೀನ್‌ಶಾಟ್ ಮೊದಲು, ಮಾತು ಆಮೇಲೆ. ಕಳುಹಿಸಿದವರು ಅಳಿಸುವ ಮೊದಲು ಹೆಸರು, ಸಂಖ್ಯೆ, ಸಮಯ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಉತ್ತರ ಕೊಡಬೇಡಿ. ಮಗುವಿನ ವಿಡಿಯೊವನ್ನು ‘ನೋಡಿ ಎಂತಹ ಅನ್ಯಾಯ’ ಎಂದು ಕುಟುಂಬದ ಗುಂಪಿಗೂ ಕಳುಹಿಸಬೇಡಿ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಲ್ಲೇ ಹಿರಿಯ ವಿದ್ಯಾರ್ಥಿಗಳು ಕಿರಿಯನೊಬ್ಬನ ಕೂದಲು ಕತ್ತರಿಸಿದ ವಿಡಿಯೊ ಹರಿದಾಡಿದಾಗ, ಮರುಕದಿಂದ ಹಂಚಿದವರೇ ಹೆಚ್ಚು. ಆ ಹುಡುಗನಿಗೆ ಮರುಕದ ಹಂಚಿಕೆಗೂ ಗೇಲಿಯ ಹಂಚಿಕೆಗೂ ಏನು ವ್ಯತ್ಯಾಸ? ಮೊಬೈಲನ್ನು ಮಗುವಿನ ಕೈಯಿಂದ ಕಿತ್ತುಕೊಳ್ಳಲೂ ಹೋಗಬೇಡಿ. ಕಾಟ ಅನುಭವಿಸಿದ್ದಕ್ಕೆ ಶಿಕ್ಷೆಯೂ ತನಗೇ ಎಂದಾದರೆ ಮುಂದಿನ ಸಲ ನಿಮಗೆ ಸುದ್ದಿಯೇ ಸಿಗುವುದಿಲ್ಲ.

ಹಂತ 4: ಆ ಇಪ್ಪತ್ತು ನಿಮಿಷವನ್ನು ಬದಲಿಸಿ

ಶಾಲೆಗೆ ಹೋಗುವ ಮೊದಲು ನಿಮ್ಮಿಂದಲೇ ಆಗುವುದು ಏನಿದೆ ನೋಡಿ. ನಾವು ಮೊದಲು ಮಾಡಿದ್ದು ಮಾತಿನ ಅಭ್ಯಾಸ. ಕೂಗಿದರೆ ಏನು ಹೇಳಬೇಕು, ಹೇಗೆ ನಿಲ್ಲಬೇಕು ಎಂದು ಜಗಲಿಯಲ್ಲಿ ನಾಟಕವಾಡಿದೆವು. ನಾನು ಹತ್ತನೆಯ ತರಗತಿಯ ಪುಂಡನ ಪಾತ್ರ. ನಾಟಕ ಚೆನ್ನಾಗಿಯೇ ಆಯಿತು. ಬಸ್ ನಿಲ್ದಾಣದಲ್ಲಿ ಅವನಿಗೆ ಒಂದು ಮಾತೂ ಹೊರಡಲಿಲ್ಲ. ಕೆಲವು ಮಕ್ಕಳಿಗೆ ಇದು ಫಲಿಸುತ್ತದೆ, ನನ್ನವನಿಗೆ ಫಲಿಸಲಿಲ್ಲ.

ಫಲಿಸಿದ್ದು ಬೇರೆ. ನೆರೆಮನೆಯ ಹುಡುಗಿ ಅದೇ ಶಾಲೆಯಲ್ಲಿ ಹತ್ತನೆಯ ತರಗತಿ, ಅದೇ ಬಸ್. ಅವಳ ಅಮ್ಮನೊಡನೆ ನನ್ನ ಹೆಂಡತಿ ಮಾತನಾಡಿದಳು. ಮರುದಿನದಿಂದ ಅವಳು ನಿಲ್ದಾಣದಲ್ಲಿ ಇವನ ಪಕ್ಕ ಬಂದು ನಿಲ್ಲತೊಡಗಿದಳು. ಒಮ್ಮೆ ಕೂಗು ಎದ್ದಾಗ ತಿರುಗಿ ‘ಸಾಕು, ಬೇರೆ ಕೆಲಸವಿಲ್ಲವೇ ನಿಮಗೆ?’ ಎಂದಳಂತೆ, ಮಲಯಾಳದಲ್ಲಿ, ‘ೞ’ ತಪ್ಪದೆ. ಅವಳಿಗೂ ಅವರಿಗೂ ಒಂದೇ ತರಗತಿ. ಅಷ್ಟರಲ್ಲಿ ಅರ್ಧ ಉತ್ಸಾಹ ಇಳಿಯಿತು.

ಇದು ನಮ್ಮ ಅದೃಷ್ಟ ಮಾತ್ರವಲ್ಲ ಎಂದು ಆಮೇಲೆ ಓದಿ ತಿಳಿದೆ. ಕೆನಡಾದಲ್ಲಿ ಶಾಲೆಯ ಆಟದ ಬಯಲುಗಳನ್ನು ವಿಡಿಯೊದಲ್ಲಿ ಹಿಡಿದು ಮಾಡಿದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಾಟ ನಡೆಯುವಾಗ ನೂರರಲ್ಲಿ 88 ಸಲ ಬೇರೆ ಮಕ್ಕಳು ನೋಡುತ್ತ ನಿಂತಿದ್ದರು. ನಡುವೆ ಬಂದದ್ದು 19 ಸಲ ಮಾತ್ರ. ಆದರೆ ಹಾಗೆ ನಡುವೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ, ಹತ್ತೇ ಸೆಕೆಂಡಿನೊಳಗೆ ಕಾಟ ನಿಂತಿತ್ತು. ನಿಮ್ಮ ಮಗುವಿಗೆ ಧೈರ್ಯ ತುಂಬುವುದಕ್ಕಿಂತ ಪಕ್ಕದಲ್ಲಿ ನಿಲ್ಲುವ ಒಬ್ಬರನ್ನು ಹುಡುಕುವುದು ಸುಲಭ. ನೆರೆಮನೆ, ದೊಡ್ಡಪ್ಪನ ಮಕ್ಕಳು, ಬಸ್ಸಿನ ನಿರ್ವಾಹಕ, ನಿಲ್ದಾಣದ ಅಂಗಡಿಯವರು ಯಾರಾದರೂ ಆದೀತು. ಹಣ್ಣಿನ ಅಂಗಡಿಯವರಿಗೆ ನಾನು ಹೇಳಿದ್ದು ‘ಸ್ವಲ್ಪ ಗಮನವಿರಲಿ’ ಎಂದಷ್ಟೇ.

ಜೊತೆಗೆ, ಶಾಲೆಯ ಹೊರಗೆ ಅವನಿಗೆ ಇನ್ನೊಂದು ಬಳಗವಿರಲಿ. ನಮ್ಮ ಕಡೆ ಅದಕ್ಕೆ ಕೊರತೆಯಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಯಕ್ಷಗಾನ ತರಗತಿ ಹುಡುಕಲು ದೂರ ಹೋಗಬೇಕೇ? ಶಾಲಾ ಕಲೋತ್ಸವದಲ್ಲೂ ಯಕ್ಷಗಾನ, ಕನ್ನಡ ಪದ್ಯವಾಚನ ಸ್ಪರ್ಧೆಗಳಿವೆ. ಮಗ ಚೆಂಡೆ ಕಲಿಯಲು ಹೋದ. ಬಹಳ ಕಲಿತನೆಂದು ಹೇಳಲಾರೆ, ಆದರೆ ವಾರಕ್ಕೆರಡು ಸಂಜೆ ಅವನನ್ನು ನಿಜ ಹೆಸರಿನಿಂದ ಕರೆಯುವ ಹತ್ತು ಮಂದಿ ಇದ್ದರು.

ಹಂತ 5: ಶಾಲೆಗೆ ಹೋಗಿ, ಕಾಗದ ಹಿಡಿದುಕೊಂಡು

ಮೊದಲು ತರಗತಿ ಅಧ್ಯಾಪಕರು, ಆಮೇಲೆ ಮುಖ್ಯೋಪಾಧ್ಯಾಯರು. ಗೇಟಿನ ಬಳಿ ಬೇಡ, ಸಮಯ ಕೇಳಿ ಹೋಗಿ. ಅಪ್ಪ ಅಮ್ಮ ಇಬ್ಬರೇ ಹೋಗಿ. ಭಾವ, ವಾರ್ಡ್ ಸದಸ್ಯ, ಪಕ್ಷದ ಮುಖಂಡ ಎಂದು ಜೀಪು ತುಂಬಿಸಿಕೊಂಡು ಹೋಗಬೇಡಿ. ನಮ್ಮ ಜಿಲ್ಲೆಯಲ್ಲಿ ಎರಡು ಮಕ್ಕಳ ವಿಷಯ ಎರಡು ಪಕ್ಷದ, ಎರಡು ಭಾಷೆಯ, ಎರಡು ಮತದ ವಿಷಯವಾಗಲು ಒಂದು ಸಂಜೆ ಸಾಕು. ಹಾಗಾದ ಮೇಲೆ ಮಗು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಕಾಟ ಕೊಟ್ಟ ಹುಡುಗನ ಮನೆಯವರನ್ನು ಮದುವೆಯ ಊಟದ ಪಂಕ್ತಿಯಲ್ಲೋ ಜಾತ್ರೆಯಲ್ಲೋ ಹಿಡಿದು ಕೇಳುವುದೂ ಇಷ್ಟೇ ಅಪಾಯ.

‘ವೆರುದೆ ಕಳಿಯಾಕ್ಕಿಯದಾಣು’, ಸುಮ್ಮನೆ ತಮಾಷೆಗೆ ಮಾಡಿದ್ದು ಎಂದು ಹುಡುಗರು ಹೇಳುತ್ತಾರೆ. ‘ಮಕ್ಕಳಾಟಿಕೆ’ ಎಂದು ಅಧ್ಯಾಪಕರೂ ಹೇಳಬಹುದು, ನಾನೂ ಹೇಳಿದ್ದೇನೆ. ವಾದಿಸಬೇಡಿ, ನೋಟ್‌ಬುಕ್ ಮುಂದಿಡಿ. ಕೇಳಬೇಕಾದದ್ದು ಸ್ಪಷ್ಟವಿರಲಿ: ಆ ಜಾಗದಲ್ಲಿ ಆ ಹೊತ್ತಿಗೆ ಹಿರಿಯರೊಬ್ಬರು ಇರಬೇಕು, ಹುಡುಗರನ್ನು ಬೇರೆ ಬೇರೆಯಾಗಿ ವಿಚಾರಿಸಬೇಕು, ನಮ್ಮ ಮಗುವನ್ನು ಅವರೆದುರು ನಿಲ್ಲಿಸಬಾರದು, ಎರಡು ವಾರದ ಬಳಿಕ ಮತ್ತೆ ಭೇಟಿಯಾಗಬೇಕು. ಎದುರಿಗೆ ನಿಲ್ಲಿಸಿ ಕೈ ಕುಲುಕಿಸುವ ಪದ್ಧತಿ ಸಮಬಲದವರ ಜಗಳಕ್ಕೆ ಸರಿ. ಕಾಟಕ್ಕೆ ಅದು ತುಪ್ಪ ಸುರಿದಂತೆ. ನನ್ನ ಮಗನ ಬೆನ್ನಿಗೆ ಬಿದ್ದ ಗುದ್ದು ಅದರದ್ದೇ ಫಲ.

ಮಾತಾಡಿ ಬಂದ ಮೇಲೆ ಕಾಗದವನ್ನೂ ಕೊಡಿ. ಮಾದರಿ:

‘ಮಾನ್ಯರೇ, ತಮ್ಮ ಶಾಲೆಯ 8ನೆಯ ತರಗತಿಯಲ್ಲಿ ಕಲಿಯುವ ನನ್ನ ಮಗನಿಗೆ ಜೂನ್ ತಿಂಗಳಿಂದ ಹಿರಿಯ ತರಗತಿಯ ಕೆಲವರು ಅಡ್ಡ ಹೆಸರಿಟ್ಟು ಕೂಗುವುದು, ಕೊಡೆಯ ಮೇಲೆ ಬರೆಯುವುದು, ಊಟಕ್ಕೆ ನೀರೆರಚುವುದು, ಹೊಡೆಯುವುದು ನಡೆಯುತ್ತಿದೆ. ದಿನಾಂಕವಾರು ವಿವರ ಲಗತ್ತಿಸಿದ್ದೇನೆ. ವಿಚಾರಣೆಯ ವೇಳೆ ನನ್ನ ಮಗನನ್ನು ಆ ವಿದ್ಯಾರ್ಥಿಗಳ ಎದುರು ನಿಲ್ಲಿಸಬಾರದಾಗಿ ಕೋರುತ್ತೇನೆ. ಕೈಗೊಂಡ ಕ್ರಮವನ್ನು ಏಳು ದಿನದೊಳಗೆ ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.’

ಇನ್ನೊಂದು ಪ್ರತಿಗೆ ಶಾಲೆಯ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಏಳು ದಿನ ಎಂಬುದು ನನ್ನ ಮನಸ್ಸಿಗೆ ತೋಚಿದ ಲೆಕ್ಕವಲ್ಲ. 1998ರ ಕೇರಳ ರ‍್ಯಾಗಿಂಗ್ ನಿಷೇಧ ಕಾಯ್ದೆಯ ಪ್ರಕಾರ ವಿದ್ಯಾರ್ಥಿ, ಹೆತ್ತವರು ಅಥವಾ ಅಧ್ಯಾಪಕರು ಲಿಖಿತ ದೂರು ಕೊಟ್ಟರೆ ಸಂಸ್ಥೆಯ ಮುಖ್ಯಸ್ಥರು ಏಳು ದಿನದೊಳಗೆ ವಿಚಾರಣೆ ಮಾಡಬೇಕು. ಮೇಲ್ನೋಟಕ್ಕೆ ನಿಜವೆಂದು ಕಂಡರೆ ಆರೋಪಿ ವಿದ್ಯಾರ್ಥಿಯನ್ನು ಅಮಾನತು ಮಾಡಿ ದೂರನ್ನು ಪೊಲೀಸರಿಗೆ ಕಳುಹಿಸಬೇಕು. ಕಡೆಗಣಿಸಿದರೆ ಮುಖ್ಯಸ್ಥರೇ ಕುಮ್ಮಕ್ಕು ಕೊಟ್ಟಂತೆ ಕಾನೂನು ಎಣಿಸುತ್ತದೆ. ಗೇಲಿ, ಬೈಗುಳ, ಅವಮಾನ, ಭಯ ಹುಟ್ಟಿಸುವುದು ಎಲ್ಲವೂ ಅದರ ವ್ಯಾಖ್ಯೆಯೊಳಗಿದೆ. ಶಿಕ್ಷೆ ಎರಡು ವರ್ಷದವರೆಗಿನ ಸೆರೆ ಮತ್ತು ಹತ್ತು ಸಾವಿರ ರೂಪಾಯಿವರೆಗಿನ ದಂಡ. ಆದರೆ ಮೊದಲ ಭೇಟಿಯಲ್ಲೇ ಕಾಯ್ದೆಯ ಹೆಸರೆತ್ತಬೇಡಿ. ಹದಿನೈದರ ಹುಡುಗರನ್ನು ಠಾಣೆಯ ಮೆಟ್ಟಿಲು ಹತ್ತಿಸುವುದರಿಂದ ನಿಮ್ಮ ಮಗು ಮರುದಿನ ನೆಮ್ಮದಿಯಿಂದ ಬಸ್ ಹತ್ತುತ್ತದೆಯೇ ಎಂಬುದನ್ನು ಮೊದಲು ಯೋಚಿಸಿ. ಬೇಕಾದಾಗ ಈ ಬಾಗಿಲು ಇದೆ ಎಂದು ತಿಳಿದಿದ್ದರೆ ಸಾಕು.

ಇನ್ನು ಭಾಷೆ. ಮಲಯಾಳದಲ್ಲಿ ಬರೆಯಲಾಗದೆ ದೂರು ಕೊಡುವುದನ್ನೇ ಬಿಟ್ಟವರು ನನಗೆ ಗೊತ್ತು. ಸಂವಿಧಾನದ 350ನೆಯ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲಿ ಸಿಗಬೇಕು ಎನ್ನುತ್ತದೆ. ಕನ್ನಡದಲ್ಲಿ ಬರೆಯಿರಿ, ಕೆಲಸ ಬೇಗ ಆಗಬೇಕೆಂದಿದ್ದರೆ ಮಲಯಾಳದ ಅನುವಾದವೊಂದನ್ನು ಜೊತೆಗಿಡಿ. ಹಕ್ಕಿನ ಹೋರಾಟವನ್ನು ಇನ್ನೊಂದು ದಿನ ಮಾಡೋಣ. ಶಾಲೆಯಲ್ಲಿ ಕೌನ್ಸಿಲರ್ ಇದ್ದರೆ ಮಗುವನ್ನು ಅವರೊಡನೆ ಮಾತನಾಡಿಸಲು ಕೇಳಿ. ಅವರಿಗೆ ಕನ್ನಡ ಬಾರದಿದ್ದರೆ ನಡುವೆ ನೀವೇ ದುಭಾಷಿಯಾಗಿ ಕೂರಬೇಡಿ, ಮಗುವಿಗೆ ಇಷ್ಟವಾದ ಕನ್ನಡದ ಅಧ್ಯಾಪಕಿಯೊಬ್ಬರು ಕೂರಲಿ. ಅಪ್ಪನೆದುರು ಹೇಳಲಾಗದ ಸಂಗತಿ ಇದ್ದೀತು.

ಹಂತ 6: ಶಾಲೆ ಅಲುಗಾಡದಿದ್ದರೆ

ಎಲ್.ಪಿ. (ಕಿರಿಯ ಪ್ರಾಥಮಿಕ), ಯು.ಪಿ. ಶಾಲೆಯಾದರೆ ಉಪಜಿಲ್ಲಾ ಶಿಕ್ಷಣಾಧಿಕಾರಿ. ಕಾಸರಗೋಡು, ಕುಂಬಳೆ, ಮಂಜೇಶ್ವರದಲ್ಲಿ ಅವರ ಕಚೇರಿಗಳಿವೆ. ಹೈಸ್ಕೂಲಾದರೆ ಜಿಲ್ಲಾ ಶಿಕ್ಷಣಾಧಿಕಾರಿ. ಅದರಾಚೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ತಿರುವನಂತಪುರದ ರಾಜ್ಯ ಬಾಲ ಹಕ್ಕು ರಕ್ಷಣಾ ಆಯೋಗ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಮಗುವೇ ಮಾಡಬಹುದು. ಆ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸಿ.

ಬಟ್ಟೆ ಬಿಚ್ಚಿಸಿ ಫೋಟೊ ತೆಗೆಯುವುದು, ಮೈ ಮುಟ್ಟುವುದು ನಡೆದಿದ್ದರೆ ಅದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ತಿಳಿದೂ ವರದಿ ಮಾಡದಿರುವುದೇ ಅಪರಾಧ, ಶಾಲೆಗೂ ಅದು ಅನ್ವಯಿಸುತ್ತದೆ. ‘ಒಳಗೊಳಗೇ ಮುಗಿಸೋಣ’ ಎಂಬ ಮಾತಿಗೆ ಒಪ್ಪಬೇಡಿ. ಕಾಟ ಕೊಡುವವರು ಅಧ್ಯಾಪಕರೇ ಆಗಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪತ್ರಿಕೆಗೆ, ಸ್ಥಳೀಯ ಚಾನೆಲ್ಲಿಗೆ ಮಗುವಿನ ಹೆಸರು, ಶಾಲೆ, ಫೋಟೊ ಕೊಡಬೇಡಿ.

ಮಗು ‘ನಾನು ಇಲ್ಲದಿದ್ದರೇ ಒಳ್ಳೆಯದಿತ್ತು’ ಎಂಬಂತಹ ಮಾತಾಡಿದರೆ ಮೇಲಿನದ್ದೆಲ್ಲ ಪಕ್ಕಕ್ಕಿಡಿ. ಒಂಟಿಯಾಗಿ ಬಿಡಬೇಡಿ. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿಗಳು ಕೊಟ್ಟಿಗೆಯ ಮಾಡಿನಲ್ಲೇ ಇರುತ್ತವೆ. ಆ ದಿನವೇ ಬೀಗದೊಳಗೆ ಹಾಕಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಅಥವಾ ಕೇರಳ ಸರಕಾರದ ಸಹಾಯವಾಣಿ ದಿಶಾ 1056ಕ್ಕೆ ಕರೆ ಮಾಡಿ, ಮರುದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಂತಹ ಮಾತನ್ನು ‘ಹೆದರಿಸುತ್ತಿದ್ದಾನೆ’ ಎಂದು ತಳ್ಳಿಹಾಕಬೇಡಿ.

ಟಿ.ಸಿ. ತೆಗೆದು ಬೇರೆ ಶಾಲೆಗೆ ಸೇರಿಸುವುದೇ? ಗಡಿ ದಾಟಿ ವಿಟ್ಲ, ಪುತ್ತೂರು, ಮಂಗಳೂರಿನ ಹಾಸ್ಟೆಲಿಗೆ ಹಾಕುವುದು ನಮ್ಮಲ್ಲಿ ಹಳೆಯ ದಾರಿ. ಮಗು ತಾನಾಗಿ ಕೇಳಿದರೆ, ಶಾಲೆ ಕೈಚೆಲ್ಲಿದರೆ, ಹೋಗಲಿ. ಆದರೆ ಎಂಟು ಗಂಟೆಯ ಕಾಟದಿಂದ ತಪ್ಪಿಸಲು ಇಪ್ಪತ್ತನಾಲ್ಕು ಗಂಟೆಯ ಹಾಸ್ಟೆಲಿಗೆ ಕಳುಹಿಸುವ ಮುನ್ನ ಎರಡು ಸಲ ಯೋಚಿಸಿ. ಅಲ್ಲಿ ಸಂಜೆ ಅಡಿಕೆ ಸುಲಿಯುತ್ತ ಪಕ್ಕದಲ್ಲಿ ಕೂರುವವರಿಲ್ಲ.

ಹಂತ 7: ಕಾಟ ಕೊಡುವವನು ನಮ್ಮವನೇ ಆದರೆ

ಶಾಲೆಯಿಂದ ಫೋನ್ ಬರುತ್ತದೆ, ‘ನಿಮ್ಮ ಮಗ ಹೀಗೆ ಮಾಡಿದ್ದಾನೆ.’ ಆಗ ನಮ್ಮ ಬಾಯಿಂದ ಬರುವ ಮೊದಲ ಮಾತು ‘ನಮ್ಮವನು ಹಾಗಲ್ಲ’. ಎರಡನೆಯದು, ಮನೆಗೆ ಬಂದ ಕೂಡಲೇ, ಬೆತ್ತ. ಎರಡೂ ಬೇಡ. ಹೊಡೆದರೆ, ಬಲವಿದ್ದವನು ಹೊಡೆಯಬಹುದು ಎಂಬ ಅವನ ಪಾಠ ಗಟ್ಟಿಯಾಗುತ್ತದೆ. ಏನೇನಾಯಿತು ಎಂದು ಅವನಿಂದಲೇ ಹೇಳಿಸಿ. ‘ಎಲ್ಲರೂ ಮಾಡಿದರು’ ಎಂದಾಗ ‘ನೀನು ಮಾಡಿದ್ದು ಹೇಳು’ ಎಂದಷ್ಟೇ ಕೇಳಿ. ಹಾಳು ಮಾಡಿದ್ದನ್ನು ಅವನ ಕೈಯಿಂದಲೇ ತುಂಬಿಸಿ ಕೊಡಿಸಿ.

ಆಮೇಲೆ ಮನೆಯ ಮಾತುಗಳನ್ನೂ ಒಮ್ಮೆ ಕೇಳಿಸಿಕೊಳ್ಳಿ. ಕಪ್ಪಗಿರುವ ಸೊಸೆ, ದಪ್ಪಗಿರುವ ನಾದಿನಿ, ತೊದಲುವ ಕೆಲಸದಾಳು, ಗಡಿಯಾಚೆಯ ಉಚ್ಚಾರ, ಇವರೆಲ್ಲರ ಅಣಕು ನಮ್ಮ ಜಗಲಿಯಲ್ಲಿ ನಡೆಯುತ್ತದೆ, ನಾವೆಲ್ಲ ನಗುತ್ತೇವೆ. ಮಲಯಾಳ ಮಾತಾಡುವ ಕಟ್ಟಡ ಕೆಲಸದವರ ಕನ್ನಡವನ್ನು ನಾನೇ ಅನುಕರಿಸಿ ಮಕ್ಕಳನ್ನು ನಗಿಸಿದ್ದೇನೆ. ಕೊಡೆ ಸಿಕ್ಕಿದ ರಾತ್ರಿ ಅದು ನೆನಪಾಯಿತು, ಹೆಂಡತಿಗೂ ನೆನಪಾಯಿತು. ಅವಳು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಹಂತ 8: ನಿಂತ ಮೇಲೂ ಕೇಳುತ್ತಿರಿ

ಶಾಲೆಗೆ ಕಾಗದ ಕೊಟ್ಟ ಮೇಲೆ ನಳ್ಳಿಯ ಬಳಿ ಅಧ್ಯಾಪಕರೊಬ್ಬರು ನಿಲ್ಲತೊಡಗಿದರು. ಸಂಜೆ ಬಸ್ ನಿಲ್ದಾಣಕ್ಕೆ ಎಸ್.ಪಿ.ಸಿ.ಯ (ಸ್ಟೂಡೆಂಟ್ ಪೊಲೀಸ್ ಕೆಡೆಟ್) ಮಕ್ಕಳನ್ನು ಸರದಿಯಂತೆ ಕಳುಹಿಸಿದರು. ಆಗಸ್ಟ್ ಕೊನೆಗೆ ಹೆಚ್ಚುಕಡಿಮೆ ನಿಂತಿತು, ಓಣಂ ರಜೆ ಕಳೆದು ಒಮ್ಮೆ ಮತ್ತೆ ತಲೆಯೆತ್ತಿತು, ಮತ್ತೆ ನಿಂತಿತು. ರಜೆಯ ನಂತರದ ಮೊದಲ ವಾರ, ಪರೀಕ್ಷೆ ಮುಗಿದ ದಿನ, ಶಾಲಾ ಪ್ರವಾಸದ ಬಸ್ಸು, ಇವು ಮೂರರ ಮೇಲೆ ಕಣ್ಣಿರಲಿ. ದಿನವೂ ‘ಇವತ್ತು ಯಾರಾದರೂ ಏನಾದರೂ ಮಾಡಿದರೇ?’ ಎಂದು ಕೇಳಿ ಅವನನ್ನು ರೋಗಿಯನ್ನಾಗಿ ಮಾಡಬೇಡಿ. ವಾರಕ್ಕೊಮ್ಮೆ, ಕೈಯಲ್ಲಿ ಕೆಲಸವಿದ್ದಾಗ, ಸಾಕು.

ಮುಂದಿನ ಜೂನ್‌ನಲ್ಲಿ ಹೊಸ ಕೊಡೆ ತೆಗೆದೆವು. ಹೆಸರು ಬರೆಸುವುದು ಬೇಡ ಎಂದ. ಬರೆಸಲಿಲ್ಲ. ಮೂರನೆಯ ವಾರದಲ್ಲಿ ಅದು ಬಸ್ಸಿನಲ್ಲೇ ಉಳಿದು ಕಳೆದುಹೋಯಿತು. ಹೆಸರಿಲ್ಲದ ಕೊಡೆಯನ್ನು ಯಾರು ತಂದುಕೊಡುತ್ತಾರೆ? ಒದ್ದೆಯಾಗಿ ಬಂದವನನ್ನು ಅಮ್ಮ ಜಗಲಿಯಲ್ಲೇ ನಿಲ್ಲಿಸಿ, ಬ್ಯಾಗ್ ಪೂರ್ತಿ ಕೊಡವಿ ನೋಡಿದಳು. ಈ ಸಲ ನಿಜವಾಗಿಯೂ ಮರೆತಿದ್ದ.